ಸೂರಿಲ್ಲದವರಿಗೆ ಬಾಡಿಗೆ ಹಣವೋ, ಆಶ್ರಯ ಕೇಂದ್ರವೋ?

ಶಶಿಕಲಾ: ಜನಸಂಖ್ಯೆ 5 ಲಕ್ಷ ದಾಟಿದ ನಗರಗಳಲ್ಲಿ ಲಕ್ಷ ಜನಕ್ಕೊಂದು ಆಶ್ರಯ ಕೇಂದ್ರ ಇರಬೇಕು, ವರ್ಷವಿಡೀ, ಹಗಲೂ ರಾತ್ರಿ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ. ಅಂದ್ರೆ ಆಗಿನ ಲೆಕ್ಕಕ್ಕೇ 84 ಕೇಂದ್ರ ಬೇಕಿತ್ತು. ಇವತ್ತಿಗೂ ಅಷ್ಟಿಲ್ಲ. ಬಜೆಟ್‌ನಲ್ಲಿ ಮೊದಲು ಇದಕ್ಕೆ ದುಡ್ಡಿಡಬೇಕು.

ಮಂಜುನಾಥ: ಇರೋ ಕೇಂದ್ರಗಳಲ್ಲೇ ಹಾಸಿಗೆ ಖಾಲಿ ಬಿದ್ದಿರುತ್ತೆ ಮೇಡಂ. ಕೆ.ಆರ್. ಮಾರ್ಕೆಟ್‌ನಲ್ಲಿ ನಸುಕಿಗೇ ಮೂಟೆ ಇಳಿಸೋ ಹಮಾಲಿ ಊರಾಚೆ ಹೋಗಿ ಮಲಗ್ತಾನಾ? ಆ ದುಡ್ಡನ್ನ ಬಾಡಿಗೆಗೆ ಅಂತ ಅವರ ಕೈಗೇ ಕೊಡಿ.

ರುಕ್ಮಿಣಿ: ಯಾವ ದುಡ್ಡು ಸಾರ್? 2013ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ನಗರ ಜೀವನೋಪಾಯ ಮಿಷನ್ ಅನ್ನೋ ಯೋಜನೆಯ ಮಾರ್ಗಸೂಚಿಯಲ್ಲಿ 50 ಜನರ ಕೇಂದ್ರ ನಡೆಸೋಕೆ ಇಟ್ಟಿದ್ದು ವರ್ಷಕ್ಕೆ 6 ಲಕ್ಷ. ತಲೆಗೆ ತಿಂಗಳಿಗೆ 1000 ರೂಪಾಯಿ. ನೋಡಿಕೊಳ್ಳೋರ ಸಂಬಳ, ಕರೆಂಟು, ನೀರು, ಹೊದಿಕೆ ಎಲ್ಲ ಅದರಲ್ಲೇ. 1000ಕ್ಕೆ ಬೆಂಗಳೂರಲ್ಲಿ ಯಾರು ಶೆಡ್ ಕೊಡ್ತಾರೆ? ಅದೂ ಐದು ವರ್ಷಕ್ಕೆ ಮಾತ್ರ, ಆಮೇಲೆ ರಾಜ್ಯವೋ ಪಾಲಿಕೆಯೋ ನೋಡ್ಕೋಬೇಕಿತ್ತು. ಹಾಸಿಗೆ ಯಾಕೆ ಖಾಲಿ ಅಂದ್ರೆ, ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಅಂದಾಗ ಸಂಸಾರಸ್ಥರು ಬರಲ್ಲ. ಗಂಟುಮೂಟೆ ಇಡೋಕೆ ಜಾಗ ಇಲ್ಲ. ತಳ್ಳುಗಾಡಿ ಎಲ್ಲಿ ನಿಲ್ಲಿಸ್ತಾರೆ? ಇದನ್ನ ಸರಿಮಾಡದೆ ಕೇಂದ್ರವೇ ಬೇಡ ಅನ್ನೋದು ನನಗಂತೂ ಒಪ್ಪಿಗೆ ಇಲ್ಲ.

ಬಸವರಾಜ, ಹುಬ್ಬಳ್ಳಿ: ರುಕ್ಮಿಣಿ ಅಕ್ಕಾರು ಹೇಳಿದ್ದು ಖರೇ ಅದ. ಆದ್ರ ದುಡಿಯೋ ಮಂದಿಗೆ ತಿಂಗಳ ಬಾಡಿಗಿಗಿಂತ ಅಡ್ವಾನ್ಸೇ ಭಾರ ಆಗ್ತದರೀ. ನಿಮ್ಮ ಬೆಂಗಳೂರಾಗ ಹತ್ತ ತಿಂಗಳದ ಅಡ್ವಾನ್ಸ್ ಕೇಳ್ತಾರಂತ. ಅದನ್ನ ಸರ್ಕಾರ ನೇರ ಮಾಲಕರ ಹಂತೇಕ ಇಟ್ಟು, ಮನಿ ಬಿಟ್ಟಾಗ ವಾಪಸ್ ತಗೊಂಡ್ರ ಅದೇ ರೊಕ್ಕ ಮತ್ತೊಬ್ಬರಿಗೆ ಆಗ್ತದ.

ಸುಧಾ, ಚಿಕಾಗೋ: ಇಲ್ಲಿ ಬಾಡಿಗೆ ವೌಚರ್ ಇದೆ. ಕುಟುಂಬ ತನ್ನ ಆದಾಯದಲ್ಲಿ ಸುಮಾರು ಶೇ 30ರಷ್ಟು ಕೊಡುತ್ತೆ, ಒಂದು ಮಿತಿಯೊಳಗೆ ಉಳಿದದ್ದು ಸರ್ಕಾರದ್ದು. ಸಿಕ್ಕವರ ಬದುಕು ನಿಜಕ್ಕೂ ನಿಲ್ಲುತ್ತೆ. ಆದರೆ ಅರ್ಹರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕುಟುಂಬಕ್ಕಷ್ಟೇ ನೆರವು ಸಿಗ್ತಿದೆ, ಉಳಿದವರು ವರ್ಷಗಟ್ಟಲೆ ಸರದಿಯಲ್ಲಿ. ಹಣದ ಖಾತರಿ ಇಲ್ಲದೆ ಹೆಸರಿಗೆ ಯೋಜನೆ ಮಾಡಬೇಡಿ.

ಮಂಜುನಾಥ: ಬಸವರಾಜ ಅವರ ಮಾತು ಹಿಡಿಸ್ತು. ಆದರೆ ಸರ್ಕಾರ ಅಡ್ವಾನ್ಸ್ ಕೊಡುತ್ತೆ ಅಂತ ಗೊತ್ತಾದ ದಿನವೇ ಮಾಲೀಕರು ಬಾಡಿಗೆ ಏರಿಸಿದ್ರೆ?

ಶಶಿಕಲಾ: ಒಪ್ಪಂದದಲ್ಲೇ ಬಾಡಿಗೆ ಎಷ್ಟು, ಎಷ್ಟು ವರ್ಷ ಅಂತ ಬರೆಸಬೇಕು, ಒಪ್ಪಿದ ಮಾಲೀಕರಿಗೆ ಮಾತ್ರ ಹಣ. ಆದರೂ ಇವತ್ತು ರಾತ್ರಿ ಮೆಜೆಸ್ಟಿಕ್‌ನಲ್ಲಿ ಮಲಗಿರೋ ಮುದುಕಮ್ಮನಿಗೆ ಬಾಡಿಗೆ ಪತ್ರ ಯಾರು ಮಾಡಿಕೊಡ್ತಾರೆ? ಅವರಿಗೆ ಕೇಂದ್ರವೇ ಬೇಕು, ಅಲ್ಲೇ ಹತ್ತಿರದಲ್ಲಿ.