ಬುಕಾನನ್ ಬರೆದ ಮುರಕಲ್ಲು: ಯಾವ ಸಂಪುಟ, ಯಾವ ಪುಟ, ಯಾವ ಶಬ್ದ ಹುಡುಕಬೇಕು?

ಕಲ್ಯಾಣಪುರದ ಓದುಗ:
ನಮ್ಮ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನು 1800–01ರಲ್ಲಿ ಈ ಕಡೆ ಪ್ರವಾಸ ಮಾಡಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಅಂತ ಎಲ್ಲ ಕಡೆ ಓದುತ್ತೇವೆ. ಅವನ ಪ್ರವಾಸದ ಪುಸ್ತಕದ ಸ್ಕ್ಯಾನ್ ಪ್ರತಿಯಲ್ಲಿ ಕೆನರಾ ಭಾಗ ಪೂರ್ತಿ ತಿರುವಿದರೂ ಹೆಸರಿಟ್ಟ ಆ ವಿವರಣೆ ಸಿಗಲಿಲ್ಲ. ಬೇರೆಯವರು ಕೊಟ್ಟ ಪುಟಸಂಖ್ಯೆಯೂ ತಾಳೆಯಾಗುತ್ತಿಲ್ಲ. ಮೂಲ ಮಾತು ಎಲ್ಲಿದೆ? ಅವನು ಬರೆದದ್ದು ಉಡುಪಿ–ಮಂಗಳೂರಿನ ಕಲ್ಲಿಗೆ ಎಷ್ಟು ಹೊಂದುತ್ತದೆ? ಕಲ್ಲಿನ ಪಣೆಯಲ್ಲಿ (ಕಲ್ಲು ಕಡಿಯುವ ಗುಂಡಿಯಲ್ಲಿ) ಪಿಯುಸಿ ಮಕ್ಕಳಿಗೆ ತೋರಿಸಿ ಹೇಳುವ ಹಾಗೆ ವಿವರ ಬೇಕು.

ಹಳೇ ಪುಸ್ತಕ:
ಕೆನರಾದಲ್ಲಿ ಹುಡುಕಿದ್ದೇ ತಪ್ಪಾದದ್ದು. ಹೆಸರು ಹುಟ್ಟಿದ್ದು ಮಲಬಾರಿನ ಅಂಗಡಿಪುರದಲ್ಲಿ, 1800ರ ಡಿಸೆಂಬರಿನಲ್ಲಿ. 1807ರ ಲಂಡನ್ ಮುದ್ರಣ ಮೂರು ಸಂಪುಟದ್ದು. ಅದರ ಎರಡನೇ ಸಂಪುಟದ 440–441ನೇ ಪುಟ ತೆಗೆಯಿರಿ. ನಮ್ಮ ಕರಾವಳಿ ಬರುವುದು ಮೂರನೇ ಸಂಪುಟದಲ್ಲಿ. 1870ರಲ್ಲಿ ಮದ್ರಾಸಿನಲ್ಲಿ ಎರಡೇ ಸಂಪುಟಗಳಲ್ಲಿ ಮರುಮುದ್ರಣವಾಯಿತು, ಅದರ ಪುಟಸಂಖ್ಯೆ ಬೇರೆ. ನಿಮ್ಮ ಗೊಂದಲ ಅಲ್ಲಿಂದ ಬಂದಿರಬಹುದು. ಯಾರಾದರೂ ಪುಟ ಕೊಟ್ಟರೆ ಮೊದಲು ಮುದ್ರಣದ ವರ್ಷ ಕೇಳಿ.

ಇನ್ನೊಂದು ತೊಡಕು ಶಬ್ದದ್ದು. ಅಂಗಡಿಪುರಕ್ಕೆ ಬರುವ ಮೊದಲು ಅವನು ಈ ಕಲ್ಲನ್ನು ‘ಇಂಡ್ಯುರೇಟೆಡ್ ಕ್ಲೇ’, ಅಂದರೆ ಗಟ್ಟಿಯಾದ ಜೇಡಿ ಅಂತಲೇ ಬರೆಯುತ್ತಾನೆ. ಅಂಗಡಿಪುರದಲ್ಲಿ ನಿಂತು, ತಾನು ಈವರೆಗೆ ಹಾಗೆ ಕರೆದದ್ದು ಖನಿಜಶಾಸ್ತ್ರಜ್ಞ ಕಿರ್ವನ್ ಅದೇ ಹೆಸರಿನಲ್ಲಿ ಹೇಳಿದ ವಸ್ತುವಲ್ಲ ಎಂದು ತಿದ್ದಿಕೊಳ್ಳುತ್ತಾನೆ. ಕಟ್ಟಡಕ್ಕೆ ಇಟ್ಟಿಗೆಯ ಆಕಾರಕ್ಕೆ ಕಡಿಯುವುದರಿಂದ ಇಲ್ಲಿನ ಹಲವು ನುಡಿಗಳಲ್ಲಿ ಇದನ್ನು ‘ಇಟಿಕ ಕಲ್ಲು’ ಎನ್ನುತ್ತಾರೆ, ಆದ್ದರಿಂದ ಲ್ಯಾಟರೈಟ್ ಎಂಬ ಹೆಸರು ಸರಿ ಎಂಬುದು ಅವನ ವಾದ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಜಗತ್ತಿನ ಎಲ್ಲ ಭೂವಿಜ್ಞಾನ ಪುಸ್ತಕಗಳಲ್ಲಿ ಇವತ್ತು ಕಾಣುವ ಆ ಶಬ್ದ ನಮ್ಮ ಕಡೆಯ ಕಲ್ಲು ಕಡಿಯುವವರ ಮಾತಿನ ಅನುವಾದ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಊರಿನ ಹೆಸರುಗಳಿಗೆ ಇಂದಿನ ಸ್ಪೆಲ್ಲಿಂಗ್ ಹಾಕಿದರೆ ಏನೂ ಸಿಗುವುದಿಲ್ಲ. ಉಡುಪಿ ಅವನಲ್ಲಿ ‘ಉಡಿಪು’, ಕಾರ್ಕಳ ‘ಕಾರ್ಕುಲ್ಲ’, ಭಟ್ಕಳ ‘ಬಟುಕುಲ್ಲ’. ಗ್ರಂಥಾಲಯದ ಪಟ್ಟಿಯಲ್ಲಿ ಅವನನ್ನು ಹ್ಯಾಮಿಲ್ಟನ್ ಎಂಬ ಹೆಸರಿನಡಿಯೂ ನೋಡಬೇಕು, ಕೊನೆಗಾಲದಲ್ಲಿ ಆ ಹೆಸರು ಇಟ್ಟುಕೊಂಡ. ಕೆಲವೇ ವರ್ಷಗಳ ನಂತರ ಮಲಬಾರಿಗೆ ಬಂದಿದ್ದ ಪಾದ್ರಿ ಕ್ಲಾಡಿಯಸ್ ಬುಕಾನನ್ ಬೇರೆ ಮನುಷ್ಯ. ನಮ್ಮ ಫ್ರಾನ್ಸಿಸ್ ವೈದ್ಯ, ಸಸ್ಯಶಾಸ್ತ್ರ ಬಲ್ಲವನು.

ಪಣೆಬದಿ:
ಕಲ್ಲಿನ ಮಟ್ಟಿಗೆ ನಾನು ಹೇಳುತ್ತೇನೆ. ಅವನ ವಿವರಣೆಯಲ್ಲಿ ಪಣೆಯಲ್ಲಿ ಪರೀಕ್ಷಿಸಬಹುದಾದ ಮಾತು ಐದು: ಪದರವಿಲ್ಲದ ದೊಡ್ಡ ರಾಶಿ, ತುಂಬ ತೂತು, ಪೊಟರೆ, ಕೆಂಪು ಮತ್ತು ಹಳದಿ ಕಾವಿಯ ರೂಪದಲ್ಲಿ ಬಹಳ ಕಬ್ಬಿಣ, ಗಾಳಿ ತಾಗದಿದ್ದಾಗ ಮೆತ್ತಗೆ, ಹೊರಗೆ ತೆಗೆದ ಮೇಲೆ ಇಟ್ಟಿಗೆಯಷ್ಟು ಗಟ್ಟಿ, ಅಡಿಯಲ್ಲಿ ಗ್ರಾನೈಟ್. ಪಿಕ್ಕಾಸಿನಲ್ಲಿ ಚೌಕಕ್ಕೆ ಅಗೆದು, ಕರಣೆ ಅಥವಾ ದೊಡ್ಡ ಕತ್ತಿಯಲ್ಲಿ ಬೇಕಾದ ಆಕಾರಕ್ಕೆ ಕಡಿಯುತ್ತಾರೆ ಅಂತಲೂ ಬರೆದಿದ್ದಾನೆ. ಈಗ ಆ ಕೆಲಸ ಗರಗಸದ ಮಿಷನ್ ಮಾಡುತ್ತದೆ, ಕಲ್ಲಿನ ಗುಣ ಅದೇ.

ಪಣೆಯ ಗೋಡೆಯನ್ನು ಮೇಲಿನಿಂದ ಕೆಳಗೆ ಓದಿಸಿ. ಮೇಲೆ ಕಪ್ಪುಗೆಂಪಿನ ಗಟ್ಟಿ ಚಿಪ್ಪು. ಹುಲ್ಲು ಬಿಟ್ಟರೆ ಏನೂ ಬೆಳೆಯದ ನಮ್ಮ ಪದವುಗಳ (ಎತ್ತರದ ಬೋಳು ಬಯಲುಗಳ) ಮೈ ಇದೇ. ಅದರಡಿ ಕಡಿಯಲು ಬರುವ ಮುರಕಲ್ಲು. ಇನ್ನೂ ಕೆಳಗೆ ಬಿಳಿ, ನಸುಗೆಂಪು, ನೇರಳೆ ಬಣ್ಣದ ಶೇಡಿ ಮಣ್ಣು. ಕೊನೆಗೆ ಬಂಡೆ. ಶೇಡಿಯ ಒಂದು ಹೆಂಟೆಯನ್ನು ಚಾಕುವಿನಲ್ಲಿ ಸೀಳಿ ನೋಡಿದರೆ ಕೆಲವು ಕಡೆ ಮೂಲ ಬಂಡೆಯ ಓರೆ ಗೆರೆಗಳು ಹಾಗೇ ಉಳಿದಿರುತ್ತವೆ; ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಗೆರೆ ಮಾತ್ರ ಬಂಡೆಯದ್ದು. ಬುಕಾನನ್ ಮುರಕಲ್ಲು ಗ್ರಾನೈಟಿನ ‘ಮೇಲೆ ಕೂತಿದೆ’ ಎಂದಷ್ಟೇ ಬರೆದ. ಆ ಬಂಡೆಯೇ ಮಳೆ, ಬಿಸಿಲಿಗೆ ಕೊಳೆತು ಮುರಕಲ್ಲಾಗಿದೆ ಎಂಬುದಕ್ಕೆ ಈ ಗೆರೆಯೇ ಸಾಕ್ಷಿ. ಸಿಲಿಕಾ ನೀರಿನಲ್ಲಿ ಕರಗಿ ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳಿಯುತ್ತದೆ. ಅವನ ‘ಗ್ರಾನೈಟ್’ ಶಬ್ದವನ್ನೂ ಇಂದಿನ ಕಟ್ಟುನಿಟ್ಟಿನ ಅರ್ಥದಲ್ಲಿ ಹಿಡಿಯಬೇಡಿ; ನಮ್ಮಲ್ಲಿ ಅಡಿಯಲ್ಲಿರುವುದು ಹೆಚ್ಚಾಗಿ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಬಂಡೆ.

ಬೇಗ ಗಟ್ಟಿಯಾಗುತ್ತದೆ ಎಂಬ ಮಾತು ಮಾತ್ರ ಎಲ್ಲ ಕಲ್ಲಿಗೂ ಸಲ್ಲದು. ಕಬ್ಬಿಣ ಜಾಸ್ತಿ ಇದ್ದರೆ, ನೀರಂಶ ಆರಿದ ಹಾಗೆ ಆಕ್ಸೈಡ್ ಹರಳುಗಟ್ಟಿ ಕಲ್ಲನ್ನು ಬಿಗಿಯುತ್ತದೆ. ತೂತುಗಳಲ್ಲಿ ಬಿಳಿ ಜೇಡಿ ತುಂಬಿದ ಕಲ್ಲು ಎಷ್ಟು ಒಣಗಿಸಿದರೂ ಅಷ್ಟೇ. ಗೋಡೆಗೆ ಇಟ್ಟರೆ ಎರಡು ಮಳೆಗೆ ಜೇಡಿ ತೊಳೆದುಹೋಗಿ ಕಲ್ಲು ಪೊಳ್ಳಾಗುತ್ತದೆ.

ಕಲ್ಯಾಣಪುರದ ಓದುಗ:
ಮಾರಾಯ್ರೆ, ಇದೇ ಬೇಕಾಗಿತ್ತು! ‘ಗಟ್ಟಿ’ ಎಂಬುದನ್ನು ಕಾಲೇಜಿನ ಲ್ಯಾಬಿನಲ್ಲಿ ಅಳೆದು ತೋರಿಸುವ ದಾರಿ ಉಂಟಾ?

ಪಣೆಬದಿ:
ಒತ್ತಡದ ಪರೀಕ್ಷೆಗೆ ದೊಡ್ಡ ಮಿಷನ್ ಬೇಕು, ಇಂಜಿನಿಯರಿಂಗ್ ಕಾಲೇಜಿನಲ್ಲೇ ಆಗಬೇಕು. ಐಎಸ್ 3620 ಎಂಬ ಭಾರತೀಯ ಮಾನಕದ ಪ್ರಕಾರ ಗೋಡೆಯ ಮುರಕಲ್ಲು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ತಾಳಬೇಕು. ನೀರು ಹೀರುವ ಪರೀಕ್ಷೆ ನೀವೇ ಮಾಡಬಹುದು. ತುಂಡನ್ನು ಓವನ್‌ನಲ್ಲಿ 105 ಡಿಗ್ರಿಯ ಸುತ್ತ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಿ. 24 ಗಂಟೆ ನೀರಲ್ಲಿ ಮುಳುಗಿಸಿ, ಒದ್ದೆ ಬಟ್ಟೆಯಲ್ಲಿ ಮೇಲ್ಮೈ ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. ಮಿತಿ ಶೇ. 12. ಅಂದರೆ 2 ಕೆ.ಜಿ. ತುಂಡು 2.24 ಕೆ.ಜಿ. ದಾಟಬಾರದು.

ಹೆಚ್ಚಾಗಿ ತಪ್ಪುವುದು ಮೊದಲ ತೂಕದಲ್ಲಿ. ಪಣೆಯಿಂದ ತಂದ ಹಸಿ ಕಲ್ಲನ್ನೇ ‘ಒಣ’ ಎಂದು ತೂಗಿದರೆ ಅದರೊಳಗಿನ ನೀರೂ ಲೆಕ್ಕಕ್ಕೆ ಸೇರಿ, ಕಳಪೆ ಕಲ್ಲೂ ಪಾಸಾಗುತ್ತದೆ. ಒಂದೇ ಗೋಡೆಯ ಮೇಲಿನ, ನಡುವಿನ, ಶೇಡಿಗೆ ತಾಗಿದ ಮೂರು ಕಲ್ಲು ತನ್ನಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮಳೆ ಬಿದ್ದ ಮೇಲೆ ಪಣೆಯ ಬುಡಕ್ಕೆ ಮಕ್ಕಳನ್ನು ಇಳಿಸಲೇಬೇಡಿ. ಒಣಗಿದ್ದಾಗ ನೆಟ್ಟಗೆ ನಿಲ್ಲುವ ಶೇಡಿ ನೀರು ಕುಡಿದರೆ ಬಲ ಕಳಕೊಂಡು ಜಾರುತ್ತದೆ, ಮೇಲಿನ ಗಟ್ಟಿ ಚಿಪ್ಪು ಇಡಿಯಾಗಿ ಬೀಳುತ್ತದೆ.

ಬೈಲುಮನೆ:
ಮೂರನೇ ಸಂಪುಟ ಓದುವವರಿಗೆ ಒಂದು ಸೇರಿಸುತ್ತೇನೆ. ಬುಕಾನನ್ ನಮ್ಮ ಕಡೆ ಇದ್ದದ್ದು 1801ರ ಮೊದಲ ತಿಂಗಳುಗಳಲ್ಲಿ. ಮಳೆಗಾಲದ ತುಳುನಾಡನ್ನು ಅವನು ನೋಡಿಲ್ಲ. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಗದ್ದೆಗಳ ವಿಂಗಡಣೆ, ಏಣೆಲು (ಮಳೆಗಾಲದ ಬೆಳೆ), ಅದರ ನಂತರದ ಸುಗ್ಗಿ, ಕೊಳಕೆ ಬೆಳೆಗಳ ಲೆಕ್ಕ ಬರೆದಿದ್ದಾನೆ. ಅದರಲ್ಲಿ ಏಣೆಲಿನ ಭಾಗ ಕೇಳಿ ಬರೆದದ್ದೇ ಆಗಿರಬೇಕು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬದಿಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಓದಿ. ಅಕ್ಕಿಯ ಲೆಕ್ಕ ಬಂದಲ್ಲಿ ಮುಡಿಗೆ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಗೆ) 42 ಸೇರು ಎಂಬ ನಮ್ಮ ರೂಢಿಯ ಲೆಕ್ಕ ಹಾಕಿಬಿಡಬೇಡಿ, ಆ ಪುಟದಲ್ಲಿ ಅವನೇ ಕೊಟ್ಟ ಅಳತೆ ಹಿಡಿಯಿರಿ. ಸೇರು ಊರಿಂದ ಊರಿಗೆ ಬದಲಾಗುತ್ತಿತ್ತು.