ಫಾರೆಸ್ಟ್ರಿ ಮುಗೀತಾ ಬಂತು, ಯುರೋಪಲ್ಲಿ ಎಂಎಸ್ಸಿಗೆ ಸ್ಕಾಲರ್‌ಶಿಪ್ ಹೇಗೆ ಹುಡುಕೋದು?

ನಾಪೋಕ್ಲು ಮಳೆ:
ಎಲ್ರಿಗೂ ನಮಸ್ಕಾರ. ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಲ್ಲಿ ಬಿಎಸ್ಸಿ ಕೊನೇ ವರ್ಷದಲ್ಲಿದೀನಿ. ಎಂಎಸ್ಸಿ ಜರ್ಮನಿ ಇಲ್ಲಾ ಫಿನ್ಲೆಂಡ್ ಕಡೆ ಮಾಡ್ಬೇಕು ಅಂತ ಆಸೆ, ಆದ್ರೆ ಮನೇಲಿ ದುಡ್ಡಿಲ್ಲ. ಅಪ್ಪಂದು ಮೂರೆಕರೆ ರೋಬಸ್ಟಾ, ಕಾಫಿಗೆ ರೇಟು ಬಂದಿದೆಯಲ್ಲ ಅಂತ ಎಲ್ರೂ ಹೇಳ್ತಾರೆ ಆದ್ರೆ ಆಳಿನ ಕೂಲಿ, ಗೊಬ್ಬರ, ಸೊಸೈಟಿ ಸಾಲ ಎಲ್ಲ ಕಳ್ದು ಉಳಿಯೋದು ಅಷ್ಟಕ್ಕಷ್ಟೆ, ತಮ್ಮ ಬೇರೆ ಪಿಯುಸಿ, ನಾನೇ ದೊಡ್ಡವ್ಳು. ಮೈಸೂರಲ್ಲಿ ಒಂದು ಕನ್ಸಲ್ಟೆನ್ಸಿಯಲ್ಲಿ ಕೇಳಿದ್ರೆ ಸ್ಕಾಲರ್‌ಶಿಪ್ ನಾವೇ ಕೊಡಿಸ್ತೀವಿ ಮೊದ್ಲು ಫೀಸ್ ಕಟ್ಟಿ ಅಂದ್ರು, ವಾಪಸ್ ಬಂದೆ. ಪೂರ್ತಿ ಖರ್ಚು ಕೊಡೋ ಸ್ಕಾಲರ್‌ಶಿಪ್ ನಿಜವಾಗ್ಲೂ ಇದೆಯಾ? ನಮ್ಮಂಥವ್ರಿಗೆ ಸಿಗುತ್ತಾ?

ಬೀಟೆಮರ:
ಇದೆ, ಸಿಗುತ್ತೆ. ನಾನೂ ಅದೇ ಕಾಲೇಜು ತಂಗಿ, ನಿಂಗಿಂತ ತುಂಬಾ ಸೀನಿಯರ್. ಕನ್ಸಲ್ಟೆನ್ಸಿ ಬಿಟ್ಟು ಬಂದಿದ್ದು ಒಳ್ಳೇದಾಯ್ತು, ಈ ಸ್ಕಾಲರ್‌ಶಿಪ್‌ಗಳನ್ನ ಯಾರೂ ಕೊಡ್ಸೋಕಾಗಲ್ಲ, ಅರ್ಜಿ ಹಾಕೋದು ನೀನೇ.

ಮೊದಲು ಎರಾಸ್ಮಸ್ ಮುಂಡುಸ್ ನೋಡು, ಯುರೋಪಿಯನ್ ಯೂನಿಯನ್ ದುಡ್ಡು ಕೊಡೋ ಸ್ಕೀಮ್. ಎರಡು ಮೂರು ದೇಶದ ಯೂನಿವರ್ಸಿಟಿಗಳು ಸೇರಿ ನಡ್ಸೋ ಎಂಎಸ್ಸಿ, ಕಾಡು ಕೃಷಿ ಪರಿಸರ ಅಂತ ಬೇರೆ ಬೇರೆ ಕೋರ್ಸ್ ಇರುತ್ತೆ. ಸ್ಕಾಲರ್‌ಶಿಪ್ ಬಂದ್ರೆ ಫೀಸ್ ಇಲ್ಲ, ಮೇಲೆ ತಿಂಗಳಿಗೆ 1,400 ಯೂರೋ, 24 ತಿಂಗಳ ತನಕ. ಕೊನೇ ವರ್ಷದವ್ರಿಂದಲೂ ಸಾಮಾನ್ಯವಾಗಿ ಅರ್ಜಿ ತಗೋತಾರೆ. ಹೆಚ್ಚಿನ ಕೋರ್ಸ್‌ಗೆ ಅಕ್ಟೋಬರ್‌ನಿಂದ ಜನವರಿ ಒಳಗೆ ಹಾಕ್ಬೇಕು, ಅಂದ್ರೆ ನಿಮ್ಮನೇಲಿ ಕಾಫಿ ಕುಯ್ಲು ಶುರುವಾಗೋ ಹೊತ್ತಿಗೆ ನಿನ್ನ ಕಾಗದ ಪತ್ರ ಎಲ್ಲ ರೆಡಿ ಇರ್ಬೇಕು. ಒಂದು ವಿಷ್ಯ ಹುಷಾರು, ಸೀಟು ಸಿಕ್ಕಿದ ಎಲ್ರಿಗೂ ದುಡ್ಡು ಸಿಗಲ್ಲ, ಕೆಲವ್ರಿಗೆ ಸ್ವಂತ ಖರ್ಚಲ್ಲಿ ಬನ್ನಿ ಅಂತ ಬರುತ್ತೆ. ಆ ಲೆಟರ್ ನೋಡಿ ಖುಷೀಲಿ ಸಾಲ ಮಾಡ್ಬೇಡ.

ಇನ್ನೊಂದು ಡಾಡ್ (DAAD), ಸ್ಕಾಲರ್‌ಶಿಪ್ ಕೊಡೋ ಜರ್ಮನಿಯ ಸಂಸ್ಥೆ, ಅದರಲ್ಲಿ ನಮ್ಮಂಥ ದೇಶದವ್ರಿಗೆ ಇಪಿಒಎಸ್ (EPOS) ಅಂತ ಸ್ಕೀಮ್. ಡ್ರೆಸ್ಡೆನ್ ಯೂನಿವರ್ಸಿಟಿಯವ್ರು ಥರಾಂಡ್ಟ್ ಅನ್ನೋ ಸಣ್ಣ ಊರಲ್ಲಿ ಟ್ರಾಪಿಕಲ್ ಫಾರೆಸ್ಟ್ರಿ ಎಂಎಸ್ಸಿ ನಡ್ಸ್ತಾರೆ, 1811ರಲ್ಲಿ ಕೋಟಾ ಅನ್ನೋನು ಫಾರೆಸ್ಟ್ರಿ ಶಾಲೆ ಶುರು ಮಾಡಿದ ಊರು ಅದು. ಇಂಥ ಕೋರ್ಸ್‌ಗಳಿಗೆ ಈ ಸ್ಕಾಲರ್‌ಶಿಪ್‌ನಲ್ಲಿ ತಿಂಗಳ ಖರ್ಚು, ಇನ್ಶೂರೆನ್ಸ್, ಪ್ರಯಾಣಕ್ಕೆ ದುಡ್ಡು ಕೊಡ್ತಾರೆ. ಆದ್ರೆ ಡಿಗ್ರಿ ಆದ್ಮೇಲೆ ಎರಡು ವರ್ಷ ಕೆಲಸ ಮಾಡಿರ್ಲೇಬೇಕು. ಹಾಗಾಗಿ ಈ ವರ್ಷ ಎರಾಸ್ಮಸ್ ಹಾಕು, ಆಗ್ಲಿಲ್ಲ ಅಂದ್ರೆ ಎರಡು ವರ್ಷ ಫೀಲ್ಡಲ್ಲಿ ಕೆಲಸ ಮಾಡಿ ಇದಕ್ಕೆ ಹಾಕು, ಟೈಮ್ ವೇಸ್ಟ್ ಅಂತ ಅನ್ಕೋಬೇಡ.

ಕೊಡಗು ಬ್ಯಾಂಕಣ್ಣ:
ಅಷ್ಟೆಲ್ಲ ಕಾಯೋದ್ಯಾಕೆ, ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸೇ ಇಲ್ಲ, ಲೋನ್ ತಗೊಂಡು ಹೋಗ್ಬಹುದಲ್ಲ ಮಗಳೇ. ವಿದ್ಯಾಲಕ್ಷ್ಮಿ ಪೋರ್ಟಲಲ್ಲಿ ಅರ್ಜಿ ಹಾಕಿದ್ರೆ ಸರ್ಕಾರಿ ಬ್ಯಾಂಕಲ್ಲಿ 7.5 ಲಕ್ಷದ ತನಕ ಸಾಮಾನ್ಯವಾಗಿ ಆಸ್ತಿ ಅಡ ಕೇಳಲ್ಲ.

ಬೀಟೆಮರ:
ಅಣ್ಣ, ಫೀಸ್ ಇಲ್ಲ ನಿಜ, ಆದ್ರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ತಿಂಗಳಿಗೆ ಇಷ್ಟೇ ಅಂತ ತೆಗೆಯೋಕಾಗೋ ಖಾತೇಲಿ, ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, ಹತ್ತಿರ ಹತ್ತಿರ 12 ಲಕ್ಷ. ಅದಕ್ಕೂ ಮೊದ್ಲು ಎಪಿಎಸ್ ಸರ್ಟಿಫಿಕೇಟ್‌ಗೆ, ಅಂದ್ರೆ ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಜರ್ಮನಿಯವ್ರು ನೋಡಿ ಕೊಡೋ ಪತ್ರಕ್ಕೆ, 18,000 ರೂಪಾಯಿ. ಫ್ರೈಬುರ್ಗ್‌ನಲ್ಲೂ ಒಳ್ಳೇ ಫಾರೆಸ್ಟ್ರಿ ಇದೆ, ಆದ್ರೆ ಅದು ಬಾಡೆನ್ ವುರ್ಟೆಂಬರ್ಗ್ ರಾಜ್ಯ, ಅಲ್ಲಿ ನಮ್ಮಂಥ ಹೊರಗಿನವ್ರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ಇದೆ. 7.5 ಲಕ್ಷದಲ್ಲಿ ಎಲ್ಲಿಗೆ ಮುಟ್ಟುತ್ತೆ? ಡಾಡ್ ಸಿಕ್ಕಿದ್ರೆ ಬ್ಲಾಕ್ಡ್ ಅಕೌಂಟ್ ಬೇಡ, ಅವ್ರ ಲೆಟರೇ ಸಾಕು.

ಕೊಡಗು ಬ್ಯಾಂಕಣ್ಣ:
ಹೌದು, ಉಳಿದಿದ್ದಕ್ಕೆ ಅಡ ಬೇಕಾಗುತ್ತೆ. ಮಗಳೇ, ತೋಟದ ಆರ್‌ಟಿಸಿ ಯಾರ ಹೆಸ್ರಲ್ಲಿದೆ? ಮನೆತನಕ್ಕೆಲ್ಲ ಒಟ್ಟಿಗೆ ಸೇರಿದ ಜಮ್ಮಾ ಬಾಣೆನಾ?

ನಾಪೋಕ್ಲು ಮಳೆ:
ಜಮ್ಮಾನೇ ಅಂಕಲ್. ಪಟ್ಟೆದಾರ ಅಂತ ಇನ್ನೂ ಮುತ್ತಾತನ ಹೆಸ್ರೇ ಇದೆ, ಅಪ್ಪ ದೊಡ್ಡಪ್ಪ ಎಲ್ಲ ಕೆಳಗೆ.

ಕೊಡಗು ಬ್ಯಾಂಕಣ್ಣ:
ಹಾಗಾದ್ರೆ ಆ ದಾರಿ ಬಿಡು. ಒಕ್ಕದವ್ರೆಲ್ಲ, ಅಂದ್ರೆ ಮನೆತನದವ್ರೆಲ್ಲ, ಸೈನ್ ಹಾಕ್ಬೇಕು ಅಂತಾರೆ, ಅದರಲ್ಲಿ ಒಬ್ಬ ಬೆಂಗಳೂರು, ಇನ್ನೊಬ್ಬ ಮಾತೇ ಆಡಲ್ಲ, ನಾನು ಸರ್ವಿಸಲ್ಲಿ ಇದನ್ನೇ ನೋಡಿದ್ದು. ನಿನ್ನ ಇನ್‌ಟೇಕ್ ಮುಗಿದು ಹೋಗುತ್ತೆ, ಫೈಲ್ ಅಲ್ಲೇ ಇರುತ್ತೆ. ಜೆ ಎನ್ ಟಾಟಾ ಎಂಡೋಮೆಂಟ್ ಟ್ರೈ ಮಾಡು, 1892ರಿಂದ ಇದೆ. ಅದೂ ಸಾಲಾನೇ, ವಾಪಸ್ ಕಟ್ಬೇಕು, ಹೆಸರಲ್ಲಿ ಸ್ಕಾಲರ್‌ಶಿಪ್ ಅಂತ ಇದೆ ಅಂತ ಮನೇಲಿ ತಪ್ಪು ತಿಳ್ಕೊಳ್ಳೋದು ಬೇಡ.

ಹಾರಂಗಿ ಹುಡುಗ:
ಇದನ್ನ ಓದ್ತಿರೋ ಬೇರೆಯವ್ರಿಗೂ ಒಂದು ಮಾತು, ಎಸ್‌ಸಿ ಆದ್ರೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಕುಟುಂಬದ ಆದಾಯ 8 ಲಕ್ಷದ ಒಳಗಿರ್ಬೇಕು. ಎಸ್‌ಟಿಗೆ ಬುಡಕಟ್ಟು ಸಚಿವಾಲಯದ್ದು ಬೇರೆ. ನಮ್ಮ ಕಡೆ ಯರವ, ಜೇನು ಕುರುಬ ಮಕ್ಕಳು ಡಿಗ್ರಿ ಮಾಡಿದವ್ರು ಇದಾರೆ, ತೋಟದ ಕೆಲಸದವ್ರ ಲೈನ್ ಮನೆ ತನಕ ಈ ಸುದ್ದಿ ಹೋಗೋದೇ ಇಲ್ಲ.

ನಾಪೋಕ್ಲು ಮಳೆ:
ಎಲ್ರಿಗೂ ಥ್ಯಾಂಕ್ಸ್. ಅಕ್ಕ, ಮೋಟಿವೇಶನ್ ಲೆಟರ್‌ನಲ್ಲಿ ಏನು ಬರೀಲಿ? ನೆಟ್ಟಲ್ಲಿರೋದೆಲ್ಲ ನಂಗೆ ಚಿಕ್ಕಂದಿನಿಂದ ಪ್ರಕೃತಿ ಅಂದ್ರೆ ಪ್ರಾಣ ಅಂತ ಒಂದೇ ಥರ ಇದೆ.

ಬೀಟೆಮರ:
ಅದನ್ನ ಬರೀಲೇಬೇಡ, ಎಲ್ರೂ ಅದೇ ಕಳಿಸ್ತಾರೆ. ನಿಮ್ಮ ತೋಟ ಬರಿ. ಅತ್ತಿ, ನಂದಿ, ಬೀಟೆ ಇದ್ದ ಕಡೆ ಈಗ ಸಿಲ್ವರ್ ಓಕ್ ಮರ ಬಂದಿದೆ ತಾನೆ? ಯಾಕೆ ಬಂತು ಅಂತ ಬರಿ. ಮೆಣಸಿನ ಬಳ್ಳಿ ಹಬ್ಬಿಸ್ಬಹುದು, ಬೇಗ ಬೆಳೆಯುತ್ತೆ, ಕಡಿಯೋಕೆ ಅಷ್ಟು ತಾಪತ್ರಯ ಇಲ್ಲ. ಅದೇ ಊರ ಮರ ಆದ್ರೆ ಜಾಗ ಅನ್‌ರಿಡೀಮ್ಡ್ ಆಗಿದ್ರೆ, ಅಂದ್ರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸ್ಕೊಂಡಿಲ್ಲ ಅಂದ್ರೆ, ಮರದ ಹಕ್ಕು ಸರ್ಕಾರದ್ದು, ನೀರು ಗೊಬ್ಬರ ಹಾಕಿ ನೋಡ್ಕೊಂಡವ್ನಿಗೆ ಏನೂ ಸಿಗಲ್ಲ, ಹಾಗಿದ್ಮೇಲೆ ಅವನ್ಯಾಕೆ ಬೀಟೆ ಸಸಿ ಉಳಿಸ್ತಾನೆ? ನಿಮ್ಮಪ್ಪ ಯಾವ ಮರ ತೆಗ್ದ್ರು, ಯಾವುದು ಬಿಟ್ರು, ಕೇಳಿ ಲೆಕ್ಕ ಸಮೇತ ಹಾಕು. ಆಮೇಲೆ ಆ ಕೋರ್ಸ್‌ನ ಯಾವ ಪೇಪರ್ ಇದಕ್ಕೆ ಉಪಯೋಗ ಆಗುತ್ತೆ ಅಂತ ಹೆಸರು ಹೇಳಿ ಬರಿ, ವಾಪಸ್ ಬಂದು ಇಲ್ಲಿ ಏನು ಮಾಡ್ತೀಯ ಅಂತಾನೂ ಬರಿ, ಡಾಡ್‌ನವ್ರು ಅದನ್ನ ತುಂಬಾ ನೋಡ್ತಾರೆ.

ರೆಫರೆನ್ಸ್ ಲೆಟರ್‌ಗೆ ಮೇಷ್ಟ್ರನ್ನ ಈಗ್ಲೇ ಕೇಳಿಡು. ಲಾಸ್ಟ್ ಡೇಟ್ ವಾರಕ್ಕೆ ಹೋಗಿ ನಿಂತ್ರೆ ಅವ್ರೂ ಕಾಟಾಚಾರಕ್ಕೆ ನಾಲ್ಕು ಲೈನ್ ಬರೆದು ಕೊಡ್ತಾರೆ.

ನಾಪೋಕ್ಲು ಮಳೆ:
ನಮ್ದು ಅನ್‌ರಿಡೀಮ್ಡೇ ಅಕ್ಕ. ಅಪ್ಪನ್ನ ಕೇಳಿ ಬರೆದು ಡ್ರಾಫ್ಟ್ ಕಳಿಸ್ತೀನಿ.

ಬೀಟೆಮರ:
ಕಳ್ಸು. ಎರಡು ಪುಟ ದಾಟಿದ್ರೆ ಓದಲ್ಲ.