ತಲೆಕೆಳಗೆ ತೂಗುವ ಟೊಮೆಟೊ: ಪ್ರಶ್ನೋತ್ತರ

ಗದಗ: ನಮಸ್ಕಾರ ಸರ್. ಬಕೆಟ್ ತಳಕ್ಕೆ ತೂತು ಮಾಡಿ ಟೊಮೆಟೊ ಸಸಿ ತಲೆಕೆಳಗೆ ಇಳಿಬಿಟ್ಟಿದ್ದೇನೆ. ತುದಿ ಮತ್ತೆ ಮೇಲಕ್ಕೆ ತಿರುಗುತ್ತಿದೆ. ರೋಗವಾ?

ತೋಟಗಾರಿಕೆ ತಜ್ಞ: ರೋಗ ಅಲ್ಲ. ಗಿಡದ ಸ್ವಭಾವವೇ ಅದು. ಕಾಯಿ ಬಿಟ್ಟರೆ ಭಾರಕ್ಕೆ ಜೋಲುತ್ತದೆ. ಎಳೆದು ಬಗ್ಗಿಸಬೇಡಿ, ಕಾಂಡ ಮುರಿಯುತ್ತದೆ.

ನವನಗರ, ಹುಬ್ಬಳ್ಳಿ: ಸರ್, 20 ಲೀಟರ್ ಪೇಂಟ್ ಬಕೆಟ್ಟಿಗೆ ಊರಿನ ಎರೆ ಮಣ್ಣು (ಕಪ್ಪು ಮಣ್ಣು) ತುಂಬಿ ಬಾಲ್ಕನಿಯ ಹಳೇ ಕೊಕ್ಕೆಗೆ ಹಾಕಿದ್ದೇನೆ. ನೀರು ಹಾಕಿದ ಕೂಡಲೇ ಕೆಳಗೆ ಸುರಿಯುತ್ತದೆ, ಗಿಡ ಬಾಡಿದೆ. ಕೆಳಗೆ ಮಕ್ಕಳು ಆಡುವ ಜಾಗ, ಕೆಸರು ಬೀಳುತ್ತದೆ.

ತಜ್ಞ: ಮೇಡಂ, ಕೆಸರಿನ ಮಾತು ಆಮೇಲೆ. ತುಂಬಿದ 20 ಲೀಟರ್ ಬಕೆಟ್ ನೀರು ಕುಡಿದರೆ 30 ಕೆಜಿ ಮುಟ್ಟುತ್ತದೆ. ಪ್ಲಾಸ್ಟಿಕ್ ಬಕೆಟ್ ಬಿಸಿಲಿಗೆ ಪೆಡಸಾಗುತ್ತದೆ. ಹಿಡಿಕೆಯ ಕಿವಿ ಸೀಳಿದರೆ ನೇರ ಮಕ್ಕಳ ತಲೆ ಮೇಲೆ. ಇವತ್ತೇ ಇಳಿಸಿ. ಕೊಕ್ಕೆ ಗೋಡೆಗೆ ಸೇರುವ ಕಡೆಯ ಫೋಟೋ ಹಾಕಿ, ತುಕ್ಕು ನೋಡಬೇಕು.

ಗಿಡ ಬಾಡಿದ್ದು ಎರೆ ಮಣ್ಣಿನಿಂದ. ಒಣಗಿದಾಗ ಅದು ಕುಗ್ಗಿ ಬಕೆಟ್ ಗೋಡೆಯಿಂದ ಬಿಡುತ್ತದೆ. ಬೆರಳಿಟ್ಟು ನೋಡಿ, ಸುತ್ತಲೂ ಸಂದು ಸಿಗುತ್ತದೆ. ನೀರು ಆ ಸಂದಿಯಲ್ಲೇ ಇಳಿದು ಹೋಗುತ್ತದೆ, ನಡುವಿನ ಬೇರು ಒಣಗೇ ಉಳಿಯುತ್ತದೆ. 10 ಲೀಟರ್ ಬಕೆಟ್ ಸಾಕು. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಸಮ ಹಾಕಿ, ಒಂದಿಷ್ಟು ಕೆಂಪು ಮಣ್ಣು ಬೆರೆಸಿ. ತಳದ ತೂತು 2 ಇಂಚು. ಸಸಿಯ ಬುಡಕ್ಕೆ ಸ್ಪಂಜಿನ ತುಂಡು ಸಡಿಲವಾಗಿ ಸುತ್ತಿ, ಮಣ್ಣು ಜಾರಲ್ಲ. ಚೆರ್ರಿ ಟೊಮೆಟೊ ಹಾಕಿ, ಕಾಯಿ ಹಗುರ. ನೀರು ಬೆಳಗ್ಗೆಯೇ ಹಾಕಿ. ಸಂಜೆ ಹಾಕಿದರೆ ಎಲೆ ರಾತ್ರಿಯೆಲ್ಲ ಒದ್ದೆ ಇದ್ದು ಚುಕ್ಕೆ ರೋಗ ಬರುತ್ತದೆ.

ಹಾವೇರಿ: ಸ್ಟ್ರಾಬೆರಿ ಹೀಗೆ ಬರ್ತದಾ ಸರ್?

ವಿದ್ಯಾಗಿರಿ, ಧಾರವಾಡ: ನಮ್ಮ ಕಾಯಿಯ ಕೆಳತುದಿ ಕಪ್ಪಾಗಿ ಒಳಗೆ ಕುಗ್ಗಿದೆ. ಎಪ್ಸಮ್ ಉಪ್ಪು ಹಾಕಿ ಅಂತ ಫಾರ್ವರ್ಡ್ ಬಂದಿದೆ.

ತಜ್ಞ: ಹಾಕಬೇಡಿ. ನೀರು ಏರುಪೇರಾಗಿ ಕಾಯಿಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ತಲುಪದೆ ಹೀಗಾಗಿದೆ. ಎಪ್ಸಮ್ ಉಪ್ಪಿನಲ್ಲಿರುವುದು ಮೆಗ್ನೀಸಿಯಂ, ಅದು ಹೆಚ್ಚಾದರೆ ಸುಣ್ಣ ಹೀರುವುದು ಇನ್ನೂ ಕಡಿಮೆಯಾಗುತ್ತದೆ. ಒಂದು ದಿನ ಒಣಗಿಸಿ ಮರುದಿನ ಸುರಿಯುವುದನ್ನು ಬಿಡಿ. ಬೇಸಿಗೆಯಲ್ಲಿ ತೂಗುವ ಬಕೆಟ್ ಬೇಗ ಒಣಗುತ್ತದೆ, ದಿನಕ್ಕೆರಡು ಸಲ ಮುಟ್ಟಿ ನೋಡಿ.

ರಾಣೆಬೆನ್ನೂರು: ನಮ್ಮ ಕಡೆ ರೈತರು ಕೋಲು, ತಂತಿ ಕಟ್ಟಿ ಟೊಮೆಟೊ ಮೇಲೆತ್ತುತ್ತಾರೆ. ನೀವು ಕೆಳಗೆ ಇಳಿಸ್ತೀರಿ. ಸುಮ್ನೆ ಫ್ಯಾಷನ್.

ವಿದ್ಯಾಗಿರಿ, ಧಾರವಾಡ: ಅಣ್ಣಾರ, ಅಪಾರ್ಟ್‌ಮೆಂಟಿನಲ್ಲಿ ನೆಲ ಎಲ್ಲಿದೆ ರೀ? ಕೋಲು ಬೇಡ, ಕಳೆ ಇಲ್ಲ.

ರಾಣೆಬೆನ್ನೂರು: ಕುಂಡದಲ್ಲಿ ನೆಟ್ಟಗೆ ಬೆಳೆಸಿ. ಇಳುವರಿ ಎರಡು ಪಟ್ಟು ಅಂತ ಹೇಳಿದವರು ತೂಗಿ ತೋರಿಸಲಿ.

ವಿದ್ಯಾಗಿರಿ, ಧಾರವಾಡ: ನಾನೆಲ್ಲಿ ಹೇಳಿದೆ? ಓದಿ ಮಾತಾಡಿ.

ತಜ್ಞ: ಇಳುವರಿ ಜಾಸ್ತಿ ಅನ್ನೋದನ್ನು ನಾನೂ ಒಪ್ಪಲ್ಲ. ಜಾಗ ಉಳಿಯುತ್ತದೆ, ಅಷ್ಟು ನಿಜ. ಜಗಳ ಬೇರೆ ಕಡೆ ಮಾಡಿ.

ಗದಗ: ಎಲೆ ಮುದುಡಿದೆ ಸರ್. ಹುಳಿ ಮಜ್ಜಿಗೆ, ಸೋಡಾ ಹೊಡೆದರೆ ಹೋಗ್ತದಂತೆ, ಮೂರು ಗ್ರೂಪಿನಲ್ಲಿ ಬಂದಿದೆ.

ತಜ್ಞ: ಮೂವತ್ತು ಗ್ರೂಪಿನಲ್ಲಿ ಬಂದರೂ ಹೋಗಲ್ಲ. ಎಲೆ ಹಿಂದೆ ಬಿಳಿ ನೊಣ ಇದೆಯಾ ನೋಡಿ. ಇದ್ದು, ಚಿಗುರು ಹಳದಿಯಾಗಿ ಗಿಡ ಕುಳ್ಳಾಗಿದ್ದರೆ ಅದು ವೈರಸ್. ಕಿತ್ತು ಸುಟ್ಟುಬಿಡಿ, ಪಕ್ಕದ ಗಿಡಗಳಾದರೂ ಉಳಿಯಲಿ. ಸೋಡಾ ಹೆಚ್ಚಾದರೆ ಎಲೆ ಸುಡುತ್ತದೆ.

ಕೇಶ್ವಾಪುರ, ಹುಬ್ಬಳ್ಳಿ: ಎರೆ ಮಣ್ಣು ನಡೀತದಾ?

ತಜ್ಞ: ಮೇಲೆ ಓದಿ.

ಹಾವೇರಿ: ಸ್ಟ್ರಾಬೆರಿ ಸರ್?

ತಜ್ಞ: ನವನಗರದ ಮೇಡಂ, ಕೊಕ್ಕೆಯ ಫೋಟೋ ಬಂದಿಲ್ಲ. ಬಕೆಟ್ ಇಳಿಸಿದಿರಾ?